ಬಳೆಗಾರನ ಫೋನು

“ಬಳಿ ಬಿಟ್ಟವರ ಫೋಟೋ ಯಾಕ ಇಟ್ಟೀರಿ ಕಾಕಾ? ಅಳಸಿಬಿಡ್ರಿ, ಹೊಸಾ ಮೆಮರಿ ಕಾರ್ಡೂ ಬೇಕಾಗಂಗಿಲ್ಲ,” ಎಂದ ನಿಪ್ಪಾಣಿ ಬಸ್ ನಿಲ್ದಾಣದೆದುರಿನ ಮೊಬೈಲ್ ಅಂಗಡಿಯ ಹುಡುಗ ಸಮಾಧಾನ. ಬಳೆಗಾರ ಮೀರಾಸಾಬನ ಫೋನು ಅವನ ಕೈಯಲ್ಲಿತ್ತು. ಊರೂರು ತಿರುಗುವ ಮೀರಾಸಾಬ ತಾನು ಬಳೆ ತೊಡಿಸಿದ ಪ್ರತಿ ಕೈಯ ಫೋಟೋ ತೆಗೆದು, ಕೆಳಗೆ ಹೆಸರು, ಊರು, ಅಳತೆ ಬರೆದಿಡುತ್ತಿದ್ದ. ಇವತ್ತು ಜುಗೂಳದಲ್ಲಿ ಮದುವೆ ಬಳೆ ತೊಡಿಸಬೇಕು. ಫೋನಿನಲ್ಲಿ ಜಾಗವೇ ಉಳಿದಿರಲಿಲ್ಲ. ಗಂಡ ಸತ್ತ ಮೇಲೆ ಬಳೆ ಬಿಟ್ಟವರೇ ಅದರಲ್ಲಿ ನಲವತ್ತು ಜನ ಎಂದು ಅವನೇ ಹೇಳಿದ್ದ.

“ಅವರ ಬಳಿ ಒಮ್ಮೆ ಒಡದಾರಪಾ. ಈಗ ಅಳಸಿದ್ರ ನಾನ ಇನ್ನೊಮ್ಮೆ ಒಡದಂಗ ಆಗ್ತೈತಿ,” ಎಂದ ಮೀರಾಸಾಬ. “ದೊಡ್ಡ ಕಾರ್ಡ್ ಹಾಕು. ಫೋನ್ ಕಳದ್ರೂ ಇವು ಉಳೀಬೇಕು, ಇನ್ನೊಂದು ಕಡೆನೂ ಬ್ಯಾಕಪ್ ಇಡು.”

ನಗುತ್ತಲೇ ಮುಂದಿನ ಫೋಟೋ ಸರಿಸಿದ ಸಮಾಧಾನನ ಬೆರಳು ಅಲ್ಲೇ ನಿಂತಿತು. ಮುಂಗೈ ತುಂಬ ಹಸಿರು ಬಳೆ, ಬಳೆಗಳಾಚೆ ಕೈಮೇಲೆ ಚೇಳಿನ ಹಚ್ಚೆ. ಕೆಳಗೆ ‘ತುಳಸವ್ವ, ಸದಲಗಾ’ ಎಂದು ಬರೆದಿತ್ತು.

“ನಮ್ಮವ್ವರೀ,” ಎಂದ ಮೆಲ್ಲಗೆ. “ಅಪ್ಪ ಹೋದ ದಿನ ಇವನ್ನ ಒಡೆಯೂಮುಂದ ನಾನೂ ಅಲ್ಲೇ ನಿಂತಿದ್ನಿ. ಬ್ಯಾಡಂತ ಅನಲಿಲ್ಲ.”

ಸಮಾಧಾನ ಅಂಗಡಿಯಲ್ಲಿದ್ದುದರಲ್ಲೇ ದೊಡ್ಡ ಕಾರ್ಡು ತೆಗೆದು ಫೋನಿಗೆ ಹಾಕಿದ. ಆಮೇಲೆ ಕಣ್ಣೊರೆಸಿಕೊಂಡು, ಬಾಗಿಲ ಬಳಿಯಿದ್ದ ಬಳೆಯ ಪೆಟ್ಟಿಗೆಯತ್ತ ನೋಡಿದ.

“ಅವ್ವನ ಅಳತಿ ಈ ಫೋನಿನಾಗ ಐತಲ್ರಿ ಕಾಕಾ? ಒಂದ್ ಡಜನ್ ಹಸಿರು ಬಳಿ ತೆಗೀರಿ.”