ಬೆವರಿಗೆ ಅಂಕ

ಕಾರು ಆಸ್ಪತ್ರೆಯ ಗೇಟಿನತ್ತ ತಿರುಗುವಷ್ಟರಲ್ಲಿ ಪ್ರೊಫೆಸರರು ಮಗಳ ಭುಜ ಅದುಮಿದರು.

"ಇಲ್ಲಿ ಬೇಡ. ಮುಂದೆ ಹೋಗು."

"ಅಪ್ಪಾ, ಅಪೆಂಡಿಕ್ಸ್ ಒಡೆಯೋ ಹಾಗಿದೆ ಅಂತ ನೀವೇ ಹೇಳಿದ್ರಿ. ಇಲ್ಲಿ ಸರ್ಜನ್ ಕಾಯ್ತಾ ಇದ್ದಾರೆ."

"ಯಾರೋ ಏನೋ. ಸೇತುವೆ ಆಚೆ ಆಸ್ಪತ್ರೆಗೆ ನಡಿ. ಅಲ್ಲಿ ಸೋಮಾರಿ ಇದಾನೆ."

ಸೋಮಾರಿ ಯಾರೆಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮಗಳು ತುಟಿ ಕಚ್ಚಿ ಕಾರನ್ನು ಮುಂದಕ್ಕೆ ಬಿಟ್ಟಳು.

ಮೂವತ್ತು ವರ್ಷ ವೈದ್ಯಕೀಯ ಕಾಲೇಜಿನಲ್ಲಿ ಶಸ್ತ್ರಚಿಕಿತ್ಸೆ ಕಲಿಸಿ ನಿವೃತ್ತರಾದ ಪ್ರೊಫೆಸರರದು ಒಂದೇ ಹಠ. ಅಂಕ ಸಲ್ಲಬೇಕಾದ್ದು ಕೆಲಸಕ್ಕಲ್ಲ, ಅದರ ಹಿಂದಿನ ಶ್ರಮಕ್ಕೆ. ಹನ್ನೆರಡು ವರ್ಷದ ಹಿಂದೆ ಅವರ ಕೈಕೆಳಗೆ ಇಬ್ಬರು ಕಲಿಯುತ್ತಿದ್ದರು. ಒಬ್ಬ ತಡವಾಗಿ ಬಂದು, ಹಿಂದಿನ ಬೆಂಚಿನಲ್ಲಿ ಆಕಳಿಸುತ್ತ ಕೂತು, ಕೈಗೆ ಸೂಜಿ ಕೊಟ್ಟಾಗ ಮಾತ್ರ ಎಚ್ಚರಾಗುತ್ತಿದ್ದ. ಅವನು ಹಾಕಿದ ಹೊಲಿಗೆ ಗೆರೆ ಎಳೆದಂತಿರುತ್ತಿತ್ತು. ಅವನಿಗೆ ಸೋಮಾರಿ ಎಂದು ಹೆಸರಿಟ್ಟರು. ಇನ್ನೊಬ್ಬಳು ಬಾಗಿಲು ತೆರೆಯುವ ಮೊದಲೇ ಬಂದು ನಿಲ್ಲುವವಳು. ಸ್ಪಂಜಿನ ತುಂಡಿಗೆ ಹೊಲಿಗೆ ಹಾಕುವಳು, ಬಿಚ್ಚುವಳು, ಮತ್ತೆ ಹಾಕುವಳು. ಬೆರಳ ತುಂಬ ಪ್ಲಾಸ್ಟರು. ಆರನೇ ಸಲ ಹಾಕಿದ್ದೂ ಸೊಟ್ಟಗೇ. ಅವಳಿಗೆ ಪ್ರೀತಿಯಿಂದ ಇರುವೆ ಎಂದು ಹೆಸರಿಟ್ಟರು.

ಕೊನೆಯ ಪರೀಕ್ಷೆಯಲ್ಲಿ ಇರುವೆ ಮೊದಲು, ಸೋಮಾರಿ ಎರಡನೆಯವನು. ಅಂಕಪಟ್ಟಿ ಹಿಡಿದು ಅವನು ಅವರ ಕೋಣೆಗೆ ಬಂದಿದ್ದ.

"ಸರ್, ನನ್ನ ಹೊಲಿಗೇಲಿ ತಪ್ಪೇನಿತ್ತು?"

"ತಪ್ಪೇನೂ ಇರಲಿಲ್ಲಪ್ಪ. ಬೆವರೂ ಇರಲಿಲ್ಲ."

ಆ ಉತ್ತರವನ್ನು ಪ್ರೊಫೆಸರರು ನೆಂಟರಿಷ್ಟರ ಮುಂದೆ ಎಷ್ಟು ಸಲ ಹೇಳಿ ಬೀಗಿದ್ದರೋ. ಸೋಮಾರಿ ಈಗ ಸೇತುವೆ ಆಚೆಯ ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರು ಬಿಟ್ಟು ಕದಲುವುದಿಲ್ಲವಂತೆ ಎಂದು ಯಾರೋ ಹೇಳಿದಾಗ ಮಾತ್ರ ಸುಮ್ಮನೆ ತಲೆಯಾಡಿಸಿದ್ದರು.

ಸೇತುವೆಯ ಮೇಲೆ ವಾಹನಗಳು ಸಾಲುಗಟ್ಟಿ ನಿಂತಿದ್ದವು. ಪ್ರೊಫೆಸರರು ಹೊಟ್ಟೆ ಹಿಡಿದು ಮುದುಡಿದರು. ಮಗಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

"ಶ್ರಮಕ್ಕೇ ಬೆಲೆ ಅಂತಿದ್ರಲ್ಲ! ಈಗ ಅವನನ್ನೇ ಯಾಕೆ ಹುಡುಕ್ಕೊಂಡು ಹೋಗ್ಬೇಕು?"

"ಅದು ಪರೀಕ್ಷೆ ಕಣೇ. ಇದು ನನ್ನ ಹೊಟ್ಟೆ."

ಆಸ್ಪತ್ರೆ ತಲುಪಿದಾಗ ಅವರ ಮೈ ಕಾದ ಹೆಂಚಾಗಿತ್ತು. ಸೋಮಾರಿಯ ಹೆಸರು ಹೇಳುತ್ತಲೇ ನರ್ಸ್ ಫೋನ್ ಎತ್ತಿದಳು. "ಥಿಯೇಟರಲ್ಲೇ ಇದಾರೆ. ಈಗಲೇ ಕರ್ಕೊಂಡ್ ಬನ್ನಿ ಅಂದ್ರು." ಮುಂದಿಟ್ಟ ಕಾಗದಕ್ಕೆ ಪ್ರೊಫೆಸರರು ಓದದೆಯೇ ಸಹಿ ಗೀಚಿದರು.

ಮೇಜಿನ ಮೇಲೆ ಮಲಗಿಸಿದಾಗ ತಲೆಯ ಬಳಿ ಮಾಸ್ಕ್ ಹಾಕಿದ ಮುಖವೊಂದು ಬಾಗಿತು. ಅದೇ ಅರೆನಿದ್ದೆಯ ಕಣ್ಣು. ಪ್ರೊಫೆಸರರಿಗೆ ಹೋದ ಜೀವ ಬಂದಂತಾಯಿತು.

"ಅವತ್ತು ನಿಂಗೆ ಅನ್ಯಾಯ ಮಾಡ್ದೆ ಕಣಪ್ಪ. ಕೈಗುಣ ನಿಂದೇ ದೊಡ್ಡದು."

"ಅಷ್ಟು ಅಂದ್ರಲ್ಲ ಸರ್, ಸಾಕು." ಸೂಜಿ ಒಂದೇ ಸಲಕ್ಕೆ ರಕ್ತನಾಳ ಸೇರಿತು. ಚುಚ್ಚಿದ್ದೂ ಗೊತ್ತಾಗಲಿಲ್ಲ.

"ಹೊಲಿಗೆ ಸಣ್ಣದಾಗಿ ಹಾಕು."

"ನಾನಾ?" ಅವನು ಔಷಧವನ್ನು ನಿಧಾನವಾಗಿ ಒಳಗೆ ಒತ್ತಿದ. "ಆ ವರ್ಷ ಸರ್ಜರಿಗೆ ಇದ್ದಿದ್ದು ಒಂದೇ ಸೀಟು ಸರ್. ಅದು ಮೊದಲನೇವ್ರಿಗೆ ಹೋಯ್ತು. ನಂಗೆ ಸಿಕ್ಕಿದ್ದು ಅರಿವಳಿಕೆ. ನಿದ್ದೆ ಮಾಡ್ಸೋದಷ್ಟೇ ನನ್ನ ಕೆಲಸ."

ಪ್ರೊಫೆಸರರು ಏಳಲು ನೋಡಿದರು. ಕೈ ಅಲುಗಲಿಲ್ಲ, ನಾಲಿಗೆ ಹೊರಳಲಿಲ್ಲ. ಆಚೆಯ ಬಾಗಿಲು ತೆರೆಯಿತು. ಉಜ್ಜಿ ಉಜ್ಜಿ ಕೆಂಪಾದ ಕೈಗಳನ್ನು ಮೇಲೆತ್ತಿ ಹಿಡಿದು ಸರ್ಜನ್ ಒಳಗೆ ಬಂದರು. "ಸರ್! ನಾನು ಸರ್, ನಿಮ್ಮ ಇರುವೆ!"

ಸೋಮಾರಿ ಪ್ರೊಫೆಸರರ ಕಿವಿಯ ಹತ್ತಿರ ಬಾಗಿದ. "ಹೆದರಬೇಡಿ ಸರ್. ಈಗಲೂ ತುಂಬಾ ಪ್ರಯತ್ನ ಪಡ್ತಾರೆ."