ತಾಟಿನ ಬೆನ್ನಿಗೆ ಕೊರೆದದ್ದು

ಸುಮೇಧಾ ಸ್ಟೀಲಿನ ತಾಟನ್ನು ಮಗುಚಿ, ಬೆರಳಿಟ್ಟು ಎಣಿಸಿದಳು. "ಹನ್ನೆರಡು ಶಬ್ದ ಅಂದಿದ್ರಿ. ಇಲ್ಲೆ ಎಂಟೇ ಅವ ಅಲ್ರಿ."

ಅಂಚಿನಲ್ಲಿ ಮದುವೆಗೆಂದು ತವರಿನವರು ಕೊರೆಸಿದ ಅವಳ ಹೆಸರಿತ್ತು. ಬೆನ್ನಿಗೆ ಅವಳ ಗಂಡ ಸೌರಭ, ಪಾತ್ರೆ ಅಂಗಡಿಯಿಂದ ಹೆಸರು ಕೊರೆಯುವ ಮಷಿನ್ ಕೇಳಿ ತಂದು, ತನ್ನ ಬಿಟ್‌ಕಾಯಿನ್ ವಾಲೆಟ್ಟಿಗೆ ಕೀಲಿಯಾದ ಗುಪ್ತ ಶಬ್ದಗಳನ್ನು ಕೊರೆದಿದ್ದ. ಹನ್ನೆರಡೂ ಇಲ್ಲದೆ ಅದು ತೆರೆಯದು. ಇಬ್ಬರ ಹದಿನೈದು ವರ್ಷದ ಉಳಿತಾಯವೆಲ್ಲ ಅದರಲ್ಲಿತ್ತು. ನಾಳೆ ಬೆಳಿಗ್ಗೆ ಅವನ ಮಿದುಳಿನ ಗಡ್ಡೆಗೆ ಆಪರೇಷನ್.

"ಕಾಗದಕ್ಕ ಹುಳ ಹತ್ತತಾವ, ಪೆನ್‌ಡ್ರೈವ್ ಕೆಡತದ. ಸ್ಟೀಲು ಬೆಂಕ್ಯಾಗ ಬಿದ್ರೂ ಅಕ್ಷರ ಉಳೀತಾವ," ಎಂದ ಸೌರಭ. "ಇನ್ನ ನಾಲ್ಕು ನನ್ನ ತಲ್ಯಾಗ ಅವ. ಮಂದಿ ಕೈಗೆ ಸಿಗಬಾರದಂತ ಹಂಗ ಇಟ್ಟೇನಿ."

"ಮಂದ್ಯಾಗ ನಾನೂ ಬಂದ್ನೇನ್ರಿ?"

ಅವನು ಮಷಿನ್ ಹಚ್ಚಿ, ಒಂಬತ್ತನೆಯ ಶಬ್ದದ ಜಾಗಕ್ಕೆ ಸೂಜಿ ಇಟ್ಟ. ಸೂಜಿ ನಿಂತಲ್ಲೇ ಗುಂಯ್‌ಗುಟ್ಟುತ್ತ ಸಣ್ಣ ಕುಳಿ ತೋಡಿತು. ಕೈ ಮುಂದೆ ಸರಿಯಲಿಲ್ಲ. ಕೊನೆಗೆ ಮಷಿನ್ ಆರಿಸಿದ.

"ನೆನಪಾಗವಲ್ದು," ಎಂದ. "ನಾಲ್ಕೂ."

ಅವಳು ತಾಟನ್ನು ಮತ್ತೆ ಮಗುಚಿ ಇಟ್ಟಳು.

"ಹೇಳೂದಿಲ್ಲ ಅಂದ್ರ ಹೇಳೂದಿಲ್ಲ ಅನ್ರಿ," ಎಂದು ಎದ್ದಳು. "ಇವತ್ತರ ಸುಳ್ಳು ಹೇಳಬ್ಯಾಡ್ರಿ."