ಗೆಣಸಿನ ತಲೆ

"ಅಗೆ ಸಿದ್ದಮ್ಮ, ಸಾಹೇಬ್ರು ಕಾಯ್ತಾ ಇದಾರೆ," ಎಂದರು ಓಂಕಾರಪ್ಪ, ಮೂರನೆಯ ಸಲ.

ಸಿದ್ದಮ್ಮ ಗುದ್ದಲಿ ಮುಟ್ಟಲಿಲ್ಲ. ಮರಕ್ಕೆ ಹಬ್ಬಿದ್ದ ಕಾಡುಗೆಣಸಿನ ಬಳ್ಳಿಯನ್ನೇ ನೋಡುತ್ತಿದ್ದಳು. ನವರಾತ್ರಿ ಕಳೆದು ವಾರವಾಗಿತ್ತಷ್ಟೆ, ಎಲೆಗಳು ಇನ್ನೂ ಹಚ್ಚಹಸಿರು. "ಎಲೆ ಹಣ್ಣಾಗಿ ಉದುರ್ಬೇಕು ಸಾರ್. ಈಗ ಅಗೆದ್ರೆ ಗೆಣಸೂ ಇಲ್ಲ, ಬಳ್ಳಿನೂ ಇಲ್ಲ."

ಓಂಕಾರಪ್ಪ ಕಡೂರಿನ ಬಯಲಿನಿಂದ ಬಂದವರು. ಕಳಸದ ಗುಡ್ಡಗಳಲ್ಲಿ, ತಲೆತಲಾಂತರದಿಂದ ಕಾಡಲ್ಲೇ ಬದುಕಿದ ಹಸಲರ ಮಕ್ಕಳಿಗೆ ಕಾಡು ಕಲಿಸುವ ಟ್ರಸ್ಟೊಂದರ ಸಂಯೋಜಕರು. ಮೀನಿನ ಮರಿಗೆ ಈಜು ಕಲಿಸಬೇಕೆ ಎಂದು ಯಾರಾದರೂ ಕೇಳಬಹುದಿತ್ತು. ಕೇಳುವಂಥವರನ್ನು ಟ್ರಸ್ಟಿನ ಸೆಮಿನಾರಿಗೆ ಕರೆದಿರಲಿಲ್ಲ. ಎರಡು ವರ್ಷ ಸಿದ್ದಮ್ಮನ ಬೆನ್ನ ಹಿಂದೆ ನಡೆದು, ಅವಳು ಹೇಳಿದ್ದನ್ನೆಲ್ಲ ಮೂರು ನೋಟ್‌ಬುಕ್ಕಿಗೆ ಇಳಿಸಿಕೊಂಡು, ಈಗೀಗ ಅವಳನ್ನೇ ತಿದ್ದುವ ಮಟ್ಟಕ್ಕೆ ಬಂದಿದ್ದರು.

ಕಾಡು ರಾಷ್ಟ್ರೀಯ ಉದ್ಯಾನವಾದ ಮೇಲೆ ಮಕ್ಕಳನ್ನು ಕರೆದುಕೊಂಡು ಹಳ್ಳ ದಾಟಿದರೆ ಸಾಕು, ಗಾರ್ಡು ಕೇಸು ಹಾಕುತ್ತೇನೆ ಎನ್ನುತ್ತಿದ್ದ. ಸಿದ್ದಮ್ಮನ ಮೊಮ್ಮಗಳು ಸುಕನ್ಯಾ ಎರಡು ಮಳೆಗಾಲದಿಂದ ಹಳ್ಳದ ಈಚೆಗೇ ನಿಂತಿದ್ದಳು. ಕಾಡಿಗೆ ಹೋಗಲು ಪಾಸು ಕೊಡಬೇಕಾದ ಅರಣ್ಯ ಇಲಾಖೆಯ ಸಾಹೇಬರು ಇವತ್ತು ಖುದ್ದಾಗಿ ಬಂದಿದ್ದರಿಂದ ಮಕ್ಕಳಿಗೂ ಒಳಗೆ ಪ್ರವೇಶ ಸಿಕ್ಕಿತ್ತು. ಅವರೆದುರು ಒಂದು ಗೆಣಸು ಅಗೆದು ತೋರಿಸಿದರೆ ಸಿದ್ದಮ್ಮನ ಹೆಸರಿಗೇ ಪಾಸು ಎಂದು ಓಂಕಾರಪ್ಪ ಮಾತು ಕೊಟ್ಟಿದ್ದರು. 'ಕಾಡಜ್ಜಿಯ ಪಾಠಶಾಲೆ' ಎಂಬ ಬ್ಯಾನರು ಆಗಲೇ ಎರಡು ಮರಗಳ ನಡುವೆ ತೂಗುತ್ತಿತ್ತು. ಕೂಸು ಹುಟ್ಟುವ ಮುಂಚೆಯೇ ಕುಲಾವಿ.

"ಪಾಸು ಬೇಡ್ವಾ ಮಾರಾಯ್ತಿ ನಿಂಗೆ?"

"ಬೇಕು ಸಾರ್. ಅದಿಲ್ದಿದ್ರೆ ಈ ಮಕ್ಕಳಿಗೆ ಕಾಡು ಅಂದ್ರೆ ನಿಮ್ಮ ಗೋಡೆ ಮೇಲಿನ ಚಾರ್ಟೇ. ಹಂಗಂತ ಕಲ್ಸೋಕೆ ಬಂದೋಳು ಮಕ್ಕಳೆದುರೇ ತಪ್ಪು ಮಾಡ್ಲಾ?"

ಸಾಹೇಬರು ಗಡಿಯಾರ ನೋಡಿಕೊಂಡರು. ಓಂಕಾರಪ್ಪನವರಿಗೆ ಅಷ್ಟೇ ಸಾಕಾಯಿತು. ಪ್ಯಾಂಟು ಮಡಚಿ, ತಾವೇ ಗುದ್ದಲಿ ಹಿಡಿದು ಬುಡ ಬಗೆದರು. ಅರ್ಧ ಗಂಟೆಯ ನಂತರ, ಇನ್ನೂ ಮೈ ತುಂಬದ ಮೊಣಕೈಯುದ್ದದ ಗೆಣಸೊಂದು ಬಳ್ಳಿ ಸಮೇತ ಮೇಲೆ ಬಂತು. ಸಾಹೇಬರು ಚಪ್ಪಾಳೆ ತಟ್ಟಿದರು.

ಸಿದ್ದಮ್ಮ ಎರಡೂ ಕೈ ಚಾಚಿದಳು. "ಅದರ ತಲೆ ಆದ್ರೂ ಮುರ್ದು ಕೊಡಿ ಸಾರ್, ಬಳ್ಳಿ ಅಂಟ್ಕೊಂಡಿರೋ ತುದಿ. ಗುಂಡಿಗೆ ಹಾಕಿ ಮಣ್ಣು ಮುಚ್ಚಿದ್ರೆ ಮಳೆಗೆ ಮತ್ತೆ ಏಳ್ತದೆ. ನಮ್ಮಜ್ಜಿನೂ ಇದೇ ಗುಂಡೀಲಿ ಅಗೆದು, ಇದೇ ಗುಂಡೀಲಿ ತಲೆ ಇಟ್ಟು ಹೋದೋಳು."

"ಗೊತ್ತು ಗೊತ್ತು, ಎರಡನೇ ನೋಟ್‌ಬುಕ್ಕಲ್ಲಿ ಬರ್ಕೊಂಡಿದೀನಿ," ಎಂದರು ಓಂಕಾರಪ್ಪ, ಗೆಣಸನ್ನು ಟವೆಲಿನಲ್ಲಿ ಸುತ್ತುತ್ತ. "ಆದ್ರೆ ಪ್ರದರ್ಶನಕ್ಕೆ ಇಡೀ ಗೆಣಸೇ ಬೇಕು."

ಸಿದ್ದಮ್ಮನಿಗೆ ಅಳು ಒತ್ತರಿಸಿ ಬಂತು. ಸಾಹೇಬರ ಜೀಪು ಹೋಗುವವರೆಗೆ ತಡೆದುಕೊಂಡಳು. ಆಮೇಲೆ ಮಕ್ಕಳನ್ನು ಸುತ್ತ ಕೂರಿಸಿಕೊಂಡು, ಖಾಲಿ ಗುಂಡಿಗೆ ಅಂಗೈಯಿಂದ ಮಣ್ಣು ಎಳೆಯುತ್ತ ಬಹಳ ಹೊತ್ತು ಏನೋ ಹೇಳಿದಳು. ಓಂಕಾರಪ್ಪ ಅಷ್ಟರಲ್ಲಿ ಬ್ಯಾನರು ಬಿಚ್ಚುತ್ತಿದ್ದರಾದ್ದರಿಂದ ಆ ಮಾತು ಯಾವ ನೋಟ್‌ಬುಕ್ಕಿಗೂ ಸಿಗಲಿಲ್ಲ. ಗೆಣಸು ಮೂಡಿಗೆರೆಯ ಆಫೀಸಿನಲ್ಲಿ ಗಾಜಿನ ಭರಣಿ ಸೇರಿತು. ಮೇಲೆ ಒಂದು ಚೀಟಿ: 'ಅಳಿವಿನಂಚಿನ ಗೆಡ್ಡೆ. ಟ್ರಸ್ಟಿನಿಂದ ಸಂರಕ್ಷಿಸಲಾಗಿದೆ.'

ಪಾಸು ಸಂಕ್ರಾಂತಿಯ ಹೊತ್ತಿಗೆ ಬಂತು, ಓಂಕಾರಪ್ಪನವರ ಹೆಸರಿಗೆ. ಸಿದ್ದಮ್ಮ ಅದರಲ್ಲಿ ಸಹಾಯಕಿ. ಹನ್ನೆರಡು ಮಕ್ಕಳು, ಒಬ್ಬ ಫೋಟೋಗ್ರಾಫರ್, ಎಲ್ಲರೂ ಹಳ್ಳ ದಾಟಿದರು.

"ಮಕ್ಕಳೇ, ಕಾಡುಗೆಣಸಿನ ಬಳ್ಳಿ ಎಲ್ಲಿದೆ ತೋರಿಸಿ ನೋಡೋಣ!"

ಮಕ್ಕಳು ಪರಸ್ಪರ ಮುಖ ನೋಡಿಕೊಂಡರು. ಕೆಲವರು ಆಕಾಶ ನೋಡಿದರು.

"ಸಿದ್ದಮ್ಮ, ನೀನಾದ್ರೂ ಹೇಳು."

"ವಯಸ್ಸಾಯ್ತಲ್ಲ ಸಾರ್, ಕಣ್ಣು ಮಂಜು," ಎಂದಳು ಸಿದ್ದಮ್ಮ. ಆಗಷ್ಟೇ ಒಬ್ಬ ಹುಡುಗನ ಹಿಮ್ಮಡಿಯಿಂದ ಕೂದಲೆಳೆಯಂಥ ಮುಳ್ಳೊಂದನ್ನು ತೆಗೆದಿದ್ದಳು.

"ಸುಕನ್ಯಾ? ಅಜ್ಜಿ ಕಲಿಸ್ಲಿಲ್ವಾ ನಿಂಗೆ?"

"ಗೊತ್ತಿಲ್ಲ ಸಾರ್."

ಓಂಕಾರಪ್ಪ ನಿಟ್ಟುಸಿರು ಬಿಟ್ಟು ನಾಲ್ಕನೆಯ ನೋಟ್‌ಬುಕ್ಕು ತೆರೆದರು. 'ಮಕ್ಕಳಲ್ಲಿ ಕಾಡಿನ ಜ್ಞಾನ ಸಂಪೂರ್ಣ ನಶಿಸಿದೆ. ಯೋಜನೆಯನ್ನು ಇನ್ನೂ ಮೂರು ವರ್ಷ ಮುಂದುವರಿಸುವುದು ಅತ್ಯಗತ್ಯ.'

ಅವರು ಬರೆದು ಮುಗಿಸಿ ಮುಂದಕ್ಕೆ ಹೋಗುವವರೆಗೂ ಸುಕನ್ಯಾ ಮರಕ್ಕೆ ಒರಗಿಕೊಂಡೇ ನಿಂತಿದ್ದಳು. ಅವಳ ಬೆನ್ನಿಗೂ ಮರಕ್ಕೂ ನಡುವೆ, ಎಲೆ ಹಣ್ಣಾಗಿ ಉದುರಿದ ಬಳ್ಳಿಯೊಂದು ನೆಲಕ್ಕೆ ಇಳಿದಿತ್ತು.